ಸಹಾಯ ಬೇಕು: ಕುದ್ರುವಿನ ಜಾಗ, ಕಯಾಕ್ ಇಳಿಸಲು ತೇಲುವ ಜೆಟ್ಟಿ

ಉಡುಪಿಯ ಸ್ವರ್ಣಾ ನದಿಯ ಕುದ್ರುವಿನಲ್ಲಿ (ನದಿ ನಡುವಿನ ದ್ವೀಪ) 20 ಸೆಂಟ್ಸ್ ಮಾರಾಟಕ್ಕಿದೆ. ಪಹಣಿ, 11ಇ ನಕ್ಷೆ (ಮಾರಾಟಕ್ಕೆ ಮೊದಲಿನ ಸರ್ವೆ ನಕ್ಷೆ), ಇಸಿ (ಋಣಭಾರ ಪತ್ರ) ಸರಿಯಿವೆ. ತೊಡಕು ಸಿಆರ್‌ಝಡ್‌ನದ್ದು, ಅಂದರೆ ಕರಾವಳಿ ನಿಯಂತ್ರಣ ವಲಯದ್ದು. 2019ರ ಅಧಿಸೂಚನೆ ಹಿನ್ನೀರಿನ ದ್ವೀಪಗಳಿಗೆ ಉಬ್ಬರ ರೇಖೆಯಿಂದ (ಉಬ್ಬರದಲ್ಲಿ ನೀರು ಏರುವ ಗಡಿ) 20 ಮೀಟರ್ ನಿರ್ಬಂಧಿತ ವಲಯ ಅನ್ನುತ್ತದೆ. ಆ ರೇಖೆ 11ಇ ನಕ್ಷೆಯಲ್ಲಿ ಇರುವುದಿಲ್ಲ. ದಂಡೆ ಕೊರೆದಿದ್ದರೆ ಪಹಣಿಯ ಅಳತೆಯೂ ತಾಳೆಯಾಗದು. ಸರ್ವೆ ನಂಬರಿನ ಮೇಲೆ ರೇಖೆ ಕೂರಿಸಿಕೊಡುವವರು ಯಾರಿದ್ದಾರೆ?

ಇನ್ನು ಜೆಟ್ಟಿ. (ಕೊಳ್ಳುವ ಪಾರ್ಟಿಗೂ ಕಯಾಕ್ ಹುಚ್ಚು, ನನಗೂ. ಕಮಿಷನ್ ಬೇರೆ ಮಾತು!) ಎಚ್‌ಡಿಪಿಇ ಕ್ಯೂಬ್‌ಗಳನ್ನು (ತೇಲುವ ಪ್ಲಾಸ್ಟಿಕ್ ಡಬ್ಬಿಗಳು) ಹಗ್ಗದಲ್ಲಿ ಬಿಗಿದು ಕಟ್ಟಿದರೆ ಇಳಿತದಲ್ಲಿ ಜೆಟ್ಟಿ ನೇತಾಡಿ ಮೂಲೆಯ ಕಿವಿ ಹರಿಯುತ್ತದೆ. ಕಂಬಕ್ಕೆ ಸಡಿಲ ಬಳೆ ಹಾಕಿದರೆ ನೀರಿನೊಂದಿಗೆ ಏರಿಳಿಯುತ್ತದೆ, ಆದರೆ ಕೆಸರಲ್ಲಿ ಕಂಬ ವಾಲುತ್ತದೆ. 4 ಇಂಚಿನ ಜಿಐ ಪೈಪ್ ಸಾಕೇ? ಎಷ್ಟು ಅಡಿ ಇಳಿಸಬೇಕು? ಮಳೆಗಾಲದ ಸೆಳೆತ ಕಂಡವರೇ ಹೇಳಿ ಮಾರಾಯ್ರೆ.