ಗಾಳಿಮರದ ತೋಪಿನ ಹಳದಿ ಹೂ ಯಾವುದು?

ಪ್ರಶ್ನೆ: ಕುಂಬಳೆ ಕಡಲ ಬದಿಯ ಹೊಯ್ಗೆಯಲ್ಲಿ, ಗಾಳಿಮರಗಳ ನಡುವೆ ಸೊಂಟದೆತ್ತರದ ಗಿಡ. ತುದಿಯಲ್ಲಿ ಉದ್ದ ಗೊಂಚಲು, ಅವರೆ ಹೂವಿನ ಆಕಾರ, ಹಳದಿ ದಳದ ಹಿಂಬದಿ ಕೆಂಪು ಗೆರೆ. ಹೆಸರೇನು?

ಉತ್ತರ 1: ಗಿಜಿಗಿಜಿ ಗಿಡದ ಕುಲ, ಕ್ರೊಟಲೇರಿಯಾ. ಎಲೆ ನೋಡಿ. ಬಿಡಿ ಎಲೆ, ಬುಡ ಸಪೂರ, ಅಗಲ ತುದಿಯಲ್ಲಿ ಸಣ್ಣ ಕಚ್ಚು ಇದ್ದರೆ ಆ ಕುಲದ ರೆಟೂಸಾ ಎಂಬ ಜಾತಿ, ನಮ್ಮಲ್ಲಿನದ್ದೇ ಗಿಡ. ಮೂರೆಲೆ ಸೇರಿದ್ದರೆ ಪಾಲಿಡಾ.

ಉತ್ತರ 2: ಎಲೆಯೊಂದನ್ನೇ ನಂಬಬೇಡಿ, ಇದೇ ಕುಲದ ಇನ್ನೊಂದು ಜಾತಿ ಸ್ಪೆಕ್ಟಾಬಿಲಿಸ್‌ನದ್ದೂ ಹಾಗೇ ಕಾಣುತ್ತದೆ. ಹೂತೊಟ್ಟಿನ ಬುಡದ ಪುಷ್ಪಪತ್ರ (ಹೂವಿನ ಜತೆಗಿರುವ ಎಸಳು) ಎಲೆಯಂತೆ ಅಗಲವಿದ್ದರೆ ಸ್ಪೆಕ್ಟಾಬಿಲಿಸ್. ರೆಟೂಸಾದಲ್ಲಿ ಅದು ತೀರಾ ಸಣ್ಣ, ಸಪೂರ. ಹತ್ತು ಪಟ್ಟಿನ ಲೆನ್ಸ್ ಸಾಕು. ಹೂವಿನ ಹಿಂಬದಿ, ತೊಟ್ಟು, ಕೋಡು ಮೂರರ ಫೋಟೋ ಹಾಕಿ.

ಉತ್ತರ 3: ಕೋಡಿಗೆ ರೋಮವಿದ್ದರೆ ಸೆಣಬು (ಇದೇ ಕುಲದ ಜನ್ಸಿಯಾ) ಇರಬಹುದು, ರೆಟೂಸಾದ ಕೋಡು ನುಣುಪು, ಒಣಗಿದ ಮೇಲೆ ಅಲುಗಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಬೀಜದಲ್ಲಿ ಮೊನೊಕ್ರೊಟಾಲಿನ್ ವಿಷವಿದೆ, ಯಕೃತ್ತು ಕೆಡುತ್ತದೆ. ದನಗಳನ್ನು ಅಲ್ಲಿ ಕಟ್ಟಬೇಡಿ.