ಅಪ್‌ಡೇಟ್: ಲಾಮಂಚದ ಎಣ್ಣೆ ಈಗ ಸರಿಯಾಗಿ ಇಳಿಯುತ್ತಿದೆ

ಮೊದಲು ಕೇಳಿದ್ದು ಇಷ್ಟು: ಕಾಸರಗೋಡಿನ ಲಾಮಂಚದ ಬೇರನ್ನು (ಇಲ್ಲಿನ ಪೇಟೆಯಲ್ಲಿ ‘ರಾಮಚ್ಚಂ’ ಅಂದರೂ ಇದೇ) ಕ್ಲೆವೆಂಜರ್‌ನಲ್ಲಿ (ನೀರಿನ ಹಬೆಯಿಂದ ಎಣ್ಣೆ ಇಳಿಸಿ ಅಳೆಯುವ ಗಾಜಿನ ಉಪಕರಣ) 4 ಗಂಟೆ ಕುದಿಸಿದರೂ ಎಣ್ಣೆಯ ಪದರ ಕಾಣದೆ ನೀರು ಹಾಲಿನಂತೆ ಮಬ್ಬಾಗುವುದೇಕೆ?

ಮುಖ್ಯ ತಪ್ಪು ಸಮಯದ್ದು. ಈ ಎಣ್ಣೆಯಲ್ಲಿ ಬಹುಪಾಲು ಸೆಸ್ಕ್ವಿಟರ್ಪೀನ್ (15 ಇಂಗಾಲದ ಸಸ್ಯ ಸಂಯುಕ್ತ) ವರ್ಗದ ಆಲ್ಕೋಹಾಲ್, ಕೀಟೋನ್‌ಗಳು. ಭಾರದ ಅಣುಗಳು, ಹಬೆಯ ಜೊತೆ ಬಲು ನಿಧಾನ ಏರುತ್ತವೆ. ತುಳಸಿ ಎಲೆಗೆ ಸಾಕಾಗುವ 3–4 ಗಂಟೆ ಇದಕ್ಕೆ ಏನೇನೂ ಸಾಲದು. 18–24 ಗಂಟೆ ಬೇಕು. ಮೊದಲೇ ನಿಲ್ಲಿಸಿದರೆ ಇಂಥ ಭಾರದ ಅಣುಗಳಾದ ಖುಸಿಮಾಲ್, ವೆಟಿವೋನ್‌ಗಳು ಬೇರಲ್ಲೇ ಉಳಿದು, ಹಗುರ ಹೈಡ್ರೋಕಾರ್ಬನ್‌ಗಳ ಪಾಲು ಸುಳ್ಳೇ ಹೆಚ್ಚು ಕಾಣುತ್ತದೆ.

ಮಬ್ಬಿಗೆ ಕಾರಣ ಎಣ್ಣೆಯ ಸಾಂದ್ರತೆ. ಅದು ನೀರಿನ ಸಾಂದ್ರತೆಗೆ ತೀರ ಹತ್ತಿರ, ಹಾಗಾಗಿ ಹನಿಗಳು ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ಅಳತೆ ನಳಿಗೆಗೆ ಮೊದಲೇ 1 ಮಿ.ಲೀ. ಝೈಲೀನ್ (ನೀರಿಗಿಂತ ಹಗುರ ದ್ರಾವಕ) ಬಿಟ್ಟರೆ ಎಣ್ಣೆ ಅದರಲ್ಲಿ ಕರಗಿ ಹೊಂಬಣ್ಣದ ಪದರವಾಗಿ ಮೇಲೆ ನಿಲ್ಲುತ್ತದೆ, ಕೆಳಗಿನ ನೀರು ತಿಳಿಯಾಗುತ್ತದೆ. ಝೈಲೀನ್‌ನ ಗಾತ್ರವನ್ನು ಕೊನೆಗೆ ಕಳೆಯಲು ಮರೆಯಬಾರದು.

ಈಗಿನ ಕ್ರಮ: ಮರಳು ಹೋಗುವಷ್ಟು ತೊಳೆದು ನೆರಳಲ್ಲಿ ಒಣಗಿಸಿದ ಬೇರು 50 ಗ್ರಾಂ, 1 ಸೆಂ.ಮೀ. ತುಂಡುಗಳು, ರಾತ್ರಿಯಿಡೀ ನೆನೆಸಿ, ಅದೇ ನೀರಿನ ಸಮೇತ 2 ಲೀಟರ್ ಫ್ಲಾಸ್ಕಿಗೆ. ಪುಡಿ ಮಾಡಬೇಡಿ, ತಳ ಹಿಡಿಯುತ್ತದೆ.

ಸಿಕ್ಕ ಎಣ್ಣೆಯ ತೇವವನ್ನು ನಿರ್ಜಲ ಸೋಡಿಯಂ ಸಲ್ಫೇಟ್‌ನಿಂದ ತೆಗೆದೇ ಜಿಸಿ-ಎಂಎಸ್‌ಗೆ (ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಕೊಡಿ. ಯಂತ್ರದ ಸ್ಪೆಕ್ಟ್ರಮ್ ಸಂಗ್ರಹದೊಡನೆ ಆಗುವ ಲೈಬ್ರರಿ ಹೊಂದಿಕೆಯನ್ನೇ ನಂಬಬೇಡಿ: ಸೆಸ್ಕ್ವಿಟರ್ಪೀನ್‌ಗಳ ಸ್ಪೆಕ್ಟ್ರಮ್‌ಗಳು ಅವಳಿ ಮಕ್ಕಳಂತೆ. ಆಲ್ಕೇನ್ ಸರಣಿಯನ್ನೂ ಅದೇ ತಾಪಕ್ರಮದಲ್ಲಿ ಓಡಿಸಿ, ಧಾರಣ ಸೂಚ್ಯಂಕವೂ (ಆಲ್ಕೇನ್‌ಗಳಿಗೆ ಹೋಲಿಸಿ ಘಟಕ ಹೊರಬರುವ ಸಮಯದ ಅಳತೆ) ತಾಳೆಯಾದರೆ ಮಾತ್ರ ಹೆಸರು ಬರೆಯಿರಿ.