ಚಿಕ್ಕಪ್ಪ, ರೈಲಿನಲ್ಲೇ ಹೋಗಿ, ಆಮೇಲೆ ಆಟೋ ಹಿಡಿದು ಹಿಂದಕ್ಕೆ ಬನ್ನಿ

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ. ಅಜ್ಜಿ ರಾಮೇಶ್ವರಕ್ಕೆ ಹೋದರೆ ಸಮುದ್ರದ ಮೇಲಿನ ಆ ಹಳೇ ಸೇತುವೆ ಮೇಲೆ ರೈಲಿನಲ್ಲೇ ಹೋಗಬೇಕು ಅಂತ ಹಟ ಹಿಡಿದಿದ್ದಾರೆ, ಈಗಲೂ ಹೋಗುತ್ತದಾ ಅಂತ ಕೇಳಿದ್ದೀರಿ.

ಇಲ್ಲ. ಹಳೇ ಪಾಂಬನ್ ಸೇತುವೆ ಮೇಲೆ 2022ರ ಡಿಸೆಂಬರ್‌ನಿಂದಲೇ ರೈಲು ಓಡಾಟ ನಿಂತುಹೋಗಿದೆ. ಪಕ್ಕದಲ್ಲೇ ಹೊಸದು ಕಟ್ಟಿ 2025ರ ಏಪ್ರಿಲ್‌ನಲ್ಲಿ ಶುರು ಮಾಡಿದರು. ಈಗ ರೈಲು ಹೋಗುವುದು ಅದರ ಮೇಲೆ. ಆದರೆ ಅಜ್ಜಿ ಬೇಜಾರು ಮಾಡಿಕೊಳ್ಳುವುದು ಬೇಡ, ಸಮುದ್ರ ಅದೇ, ಗಾಳಿ ಅದೇ. ಎರಡು ಕಿಲೋಮೀಟರ್ ಉದ್ದಕ್ಕೂ ಕೆಳಗೆ ಬರೀ ನೀರು. ನಾವು ಹೋದಾಗ ನಮ್ಮಮ್ಮ ಕೆರೆ ಏರಿ ಮೇಲೆ ಹೋದ ಹಾಗಿರುತ್ತದೆ ಅಂದುಕೊಂಡಿದ್ದರು. ಕಿಟಕಿಯ ಸರಳು ಹಿಡಿದುಕೊಂಡು ಬಗ್ಗಿ ನೋಡಿ, "ಏರಿನೇ ಇಲ್ವಲ್ಲೇ!" ಅಂದರು. ಆಚೆ ದಡ ಬರುವವರೆಗೂ ಕೈ ಬಿಡಲಿಲ್ಲ.

ಆದರೆ ಅಷ್ಟಕ್ಕೇ ಬಿಡಬೇಡಿ. ರಾಮೇಶ್ವರದಲ್ಲಿ ಸಾಮಾನು ಇಟ್ಟು, ಆಟೋ ಮಾಡಿಕೊಂಡು ಪಾಂಬನ್ ರಸ್ತೆ ಸೇತುವೆಗೆ ಬನ್ನಿ. 1988ರಲ್ಲಿ ಶುರುವಾದ ಸೇತುವೆ ಅದು, ಒಳ್ಳೆ ಎತ್ತರ. ಅಲ್ಲಿಂದ ಕೆಳಗೆ ನೋಡಿದರೆ ರೈಲು ಸೇತುವೆ ಪೂರ್ತಿ ಕಾಣುತ್ತದೆ. ನಾವು ಹೋದಾಗ ಹಳೇದೂ ಹೊಸದೂ ಜೋಡಿಯಾಗಿ ನಿಂತಿದ್ದವು. ನಾವು ಜಾಸ್ತಿ ಹೊತ್ತು ನಿಂತೆವು ಅಂತ ಪೊಲೀಸರು ಗಾಡಿ ತೆಗೀರಿ ಅಂದರು, ಅದು ಬೇರೆ ಮಾತು.

ಹಳೇದು 1914ರದ್ದು. ಬಂಗಾರಪೇಟೆಯಿಂದ ನಮ್ಮ ಕೋಲಾರಕ್ಕೆ ಸಣ್ಣ ರೈಲು ಬಂತಲ್ಲ, ಹೆಚ್ಚುಕಡಿಮೆ ಅದೇ ಕಾಲ. ಹಡಗು ಬಂದರೆ ಅದರ ನಡುಭಾಗ ಎರಡು ಬಾಗಿಲಿನ ಹಾಗೆ ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. ಮೋಟಾರು ಇಲ್ಲ ಚಿಕ್ಕಪ್ಪ, ಆಳುಗಳೇ ಎರಡೂ ಕಡೆ ನಿಂತು ಸನ್ನೆಗೋಲು ತಿರುಗಿಸಿ ಎತ್ತುತ್ತಿದ್ದರು. ಗಾಳಿ ಗಂಟೆಗೆ 58 ಕಿಲೋಮೀಟರ್ ದಾಟಿದರೆ ರೈಲು ಬಿಡುತ್ತಿರಲಿಲ್ಲ. ಹೊಸದರಲ್ಲಿ 72.5 ಮೀಟರಿನ ತುಂಡೊಂದು ಲಿಫ್ಟ್ ಹಾಗೆ ನೆಟ್ಟಗೆ 17 ಮೀಟರ್ ಮೇಲೇರುತ್ತದೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ನನಗೆ ಮಾತ್ರ ಆ ತುಕ್ಕು ಹಿಡಿದ ಕಬ್ಬಿಣದ ಮೇಲೇ ಕಣ್ಣು.

1964ರ ಡಿಸೆಂಬರ್ ಚಂಡಮಾರುತದಲ್ಲಿ ಈ ಹಳೇ ಸೇತುವೆಯ ಗರ್ಡರುಗಳು, ಅಂದರೆ ಕಬ್ಬಿಣದ ತೊಲೆಗಳು, ಹೆಚ್ಚಿನವು ಸಮುದ್ರಕ್ಕೆ ಬಿದ್ದವು. ಆಗ ಇ. ಶ್ರೀಧರನ್, ಮುಂದೆ ದೆಹಲಿ ಮೆಟ್ರೋ ಮಾಡಿದವರು, ಬಿದ್ದ ಗರ್ಡರುಗಳನ್ನೇ ನೀರಿನಿಂದ ಎತ್ತಿಸಿ 46 ದಿನದಲ್ಲಿ ಸರಿ ಮಾಡಿಸಿದರು. ನಮ್ಮ ಬೀದಿಯ ಮೋರಿಗೆ ಎಷ್ಟು ದಿನ ಹಿಡಿಯಿತು ಅಂತ ನಾನು ಹೇಳಬೇಕಾ! ಅದೇ ಚಂಡಮಾರುತದ ರಾತ್ರಿ, ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಗೆ ಹೋಗುತ್ತಿದ್ದ ರೈಲು ಜನರ ಸಮೇತ ಅಲೆಗೆ ಕೊಚ್ಚಿಹೋಯಿತು. ಅಲ್ಲಿ ಈಗಲೂ ಚರ್ಚಿನ ಗೋಡೆಗಳು ನಿಂತಿವೆ. ಮರಳಲ್ಲಿ ನಡೆಯಬೇಕು, ಅಜ್ಜಿಗೆ ಬೆಳಗ್ಗೆಯೇ ಆಗಬೇಕು. ಬಿಸಿಲೇರಿದರೆ ಕಷ್ಟ.

ರಾಮೇಶ್ವರದ ದೇವಸ್ಥಾನದಲ್ಲಿ 22 ತೀರ್ಥ. ಬಾವಿಕಟ್ಟೆ ಮೇಲೆ ನಿಂತವನು ಹಗ್ಗದಲ್ಲಿ ಬಕೆಟ್ ಎಳೆದು ತಲೆಗೆ ಸುರಿಯುತ್ತಾನೆ, ಮುಂದಿನ ಬಾವಿ, ಮತ್ತೆ ಮುಂದಿನದು. ನೆಲವೆಲ್ಲ ಒದ್ದೆ ಕಲ್ಲು. ಒಂಬತ್ತನೆಯದೋ ಹತ್ತನೆಯದೋ ಬಾವಿ ಹತ್ತಿರ ಅಮ್ಮ ಜಾರಿದರು, ಹಿಂದಿದ್ದ ಒಬ್ಬ ಹುಡುಗ ಹಿಡಿದುಕೊಂಡ. ತಪ್ಪು ನನ್ನದೇ, ಫೋನ್ ಒದ್ದೆಯಾಗುತ್ತದೆ ಅಂತ ಅದನ್ನೇ ಹಿಡಿದುಕೊಂಡಿದ್ದೆ. ಅಜ್ಜಿಗೆ ಎಲ್ಲ 22 ಬೇಡ. ನಾಲ್ಕೈದು ಸಾಕು, ಉಳಿದದ್ದು ನೀವು ಹಾಕಿಸಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿ ಕಡೆ ಬಿಡುವುದಿಲ್ಲ, ಇನ್ನೊಂದು ಸೀರೆ ಕೈಚೀಲದಲ್ಲೇ ಇರಲಿ.

ಭಾಷೆ ತೊಂದರೆ ಇಲ್ಲ. ಅಮ್ಮ ಕೆಜಿಎಫ್‌ನಲ್ಲಿ ಕಲಿತ ತಮಿಳಲ್ಲೇ ಆಟೋದವನ ಹತ್ತಿರ ಐವತ್ತು ರೂಪಾಯಿ ಇಳಿಸಿದರು. ಮುದ್ದೆ ಮಾತ್ರ ಸಿಗುವುದಿಲ್ಲ, ಅಜ್ಜಿಗೆ ಮೊದಲೇ ಹೇಳಿಬಿಡಿ. ಹೊರಡುವ ಮುಂಚೆ ನಮ್ಮ ಕೋಲಾರದ ಕಡೆಯ ಆವಣಿಗೆ ಹೋಗಿ ರಾಮಲಿಂಗೇಶ್ವರನಿಗೆ ಕೈ ಮುಗಿಯಬೇಕು ಅಂತ ಅಜ್ಜಿ ಹೇಳಿಯೇ ಹೇಳುತ್ತಾರೆ. ಅದಕ್ಕೆ ಒಂದು ದಿನ ಬಿಟ್ಟುಕೊಂಡು ಟಿಕೆಟ್ ಮಾಡಿಸಿ. ಅಜ್ಜಿಗೆ ಕೆಳಗಿನ ಬರ್ತ್, ಕಿಟಕಿ ಪಕ್ಕ.